ಕೋಳಿ ತರುವ ಮೊದಲು ಕಾಗದ ಓದಿ

ಅಂಗಳದಲ್ಲಿ ನಾಲ್ಕು ಸೊಪ್ಪಿನ ಮಡಿ, ಹಿತ್ತಿಲಲ್ಲಿ ಎರಡು ಹೇಂಟೆ. ನಮ್ಮ ಜಾಗದಲ್ಲಿ ಕೇಳುವವರು ಯಾರು ಎಂದು ಅನ್ನಿಸುವುದು ಸಹಜ. ಆದರೆ ಕೇಳುವವರು ನಾಲ್ವರಿರಬಹುದು: ಸರ್ಕಾರದ ಕಾನೂನು, ಸ್ಥಳೀಯ ಆಡಳಿತದ ನಿಯಮ, ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ಸಂಘದ ಬೈಲಾ, ಬಾಡಿಗೆ ಮನೆಯಾದರೆ ಕರಾರುಪತ್ರ.

ಮೊದಲ ಕೆಲಸ, ಇವನ್ನು ಕೆಳಗಿನಿಂದ ಮೇಲಕ್ಕೆ ಓದುವುದು. ಕರಾರು, ಬೈಲಾ ಮೊದಲು. ದೊಡ್ಡ ಕಾನೂನು ಆಮೇಲೆ. ಏಕೆಂದರೆ ಮೇಲಿನವರು ಬೇಡ ಅನ್ನದಿದ್ದರೂ ನಾವೇ ಸಹಿ ಹಾಕಿದ ಕಾಗದ ಬೇಡ ಅಂದಿರಬಹುದು. ಅಮೆರಿಕದ ಫ್ಲೋರಿಡಾದಲ್ಲಿ ಒಂದು ದಂಪತಿ ಸುಮಾರು 17 ವರ್ಷ ಮನೆ ಮುಂದೆ ತರಕಾರಿ ಬೆಳೆದಿದ್ದರು. 2013ರಲ್ಲಿ ಊರಿನ ಆಡಳಿತ ಮುಂಭಾಗದ ತರಕಾರಿ ತೋಟವನ್ನು ನಿಷೇಧಿಸಿತು. ದಂಡದ ಬೆದರಿಕೆಗೆ ಅವರು ಗಿಡ ಕಿತ್ತರು, ನ್ಯಾಯಾಲಯದಲ್ಲೂ ಸೋತರು. ಕೊನೆಗೆ 2019ರಲ್ಲಿ ರಾಜ್ಯವೇ ಕಾನೂನು ಮಾಡಿ, ವಾಸದ ಮನೆಗಳ ತರಕಾರಿ ತೋಟಕ್ಕೆ ಸ್ಥಳೀಯ ಆಡಳಿತ ಅಡ್ಡಿ ಮಾಡುವಂತಿಲ್ಲ ಎಂದಿತು. ಆದರೆ ಆ ಕಾನೂನು ಕಟ್ಟಿಹಾಕಿದ್ದು ಸ್ಥಳೀಯ ಆಡಳಿತವನ್ನು ಮಾತ್ರ, ನಿವಾಸಿಗಳ ಸಂಘಗಳನ್ನಲ್ಲ. ಹಕ್ಕು ಯಾರ ವಿರುದ್ಧ ಸಿಕ್ಕಿದೆ ಎಂಬುದನ್ನೂ ನೋಡಬೇಕು ಅನ್ನುವುದು ಅದಕ್ಕೇ.

ಗಿಡಕ್ಕಿಂತ ಪ್ರಾಣಿಯ ವಿಷಯದಲ್ಲಿ ಪದಗಳು ಹೆಚ್ಚು ಕಾಡುತ್ತವೆ. ನಿಯಮದಲ್ಲಿ ಕೋಳಿ 'ಸಾಕುಪ್ರಾಣಿ'ಯೋ 'ಜಾನುವಾರೋ'? ಒಂದೊಂದು ಊರಿನ ವ್ಯಾಖ್ಯಾನ ಒಂದೊಂದು ಥರ; ಎಷ್ಟೋ ಸಲ ಇಡೀ ಉತ್ತರ ಅದರಲ್ಲೇ ಇರುತ್ತದೆ. ಆಮೇಲೆ ಎಷ್ಟು ಇಟ್ಟುಕೊಳ್ಳಬಹುದು, ಗೂಡು ಪಕ್ಕದ ಮನೆಯಿಂದ ಎಷ್ಟು ದೂರವಿರಬೇಕು, ಹುಂಜಕ್ಕೆ ಅವಕಾಶ ಇದೆಯೇ, ಮೊಟ್ಟೆ ಮಾರಬಹುದೇ, ಮನೆಯಲ್ಲೇ ಕೊಯ್ಯಬಹುದೇ ಎಂದು ಒಂದೊಂದಾಗಿ ಗುರುತು ಹಾಕಿಕೊಳ್ಳಿ. ಸಾಕಲು ಬಿಟ್ಟ ನಿಯಮ ಮಾರಲು ಬಿಡಬೇಕೆಂದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1950ರ ಕಾಯ್ದೆಯೊಂದು ಇದಕ್ಕೆ ಒಳ್ಳೆಯ ಮಾದರಿ: ಗುತ್ತಿಗೆಯ ಕರಾರಿನಲ್ಲಿ ಏನೇ ಬರೆದಿರಲಿ, ಬಾಡಿಗೆಗೆ ಪಡೆದ ತೋಟದ ತುಂಡಿನಲ್ಲಿ ಹೇಂಟೆ, ಮೊಲ ಸಾಕಬಹುದು. ಆದರೆ ವ್ಯಾಪಾರಕ್ಕಲ್ಲ, ಆರೋಗ್ಯಕ್ಕೆ ಕುತ್ತು ತರುವಂತಿಲ್ಲ, ಉಪದ್ರವ ಆಗುವಂತಿಲ್ಲ. ಹುಂಜದ ಮಾತೇ ಅಲ್ಲಿಲ್ಲ.

ನೋಂದಣಿಯನ್ನೂ ಮರೆಯಬೇಡಿ. ಹಕ್ಕಿಜ್ವರದ ಕಾರಣಕ್ಕೆ ಇಂಗ್ಲೆಂಡ್‌ನಲ್ಲಿ 2024ರ ಅಕ್ಟೋಬರ್ 1ರಿಂದ ಒಂದೇ ಕೋಳಿ ಇದ್ದರೂ ನೋಂದಾಯಿಸಬೇಕು.

ಓದಿದ್ದು ಅರ್ಥವಾಗದಿದ್ದರೆ ಸಂಬಂಧಪಟ್ಟ ಕಚೇರಿಗೆ ಬರೆದು ಕೇಳಿ. 'ಕೋಳಿ ಸಾಕಬಹುದೇ' ಎಂದಷ್ಟೇ ಕೇಳಿದರೆ ಸುಲಭದ ಉತ್ತರ 'ಇಲ್ಲ'. ವಿಳಾಸ, ಜಾಗದ ಅಳತೆ, ಕೋಳಿಗಳ ಸಂಖ್ಯೆ, ಗೂಡಿನ ಜಾಗ ತೋರಿಸುವ ಒಂದು ನಕ್ಷೆ ಸೇರಿಸಿ, ಇದನ್ನು ತಡೆಯುವ ನಿಯಮ ಇದ್ದರೆ ಅದರ ಕಲಂ ಸಂಖ್ಯೆ ತಿಳಿಸಿ ಎಂದು ಕೇಳಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ, ಕೊಟ್ಟ ಅಧಿಕಾರಿ ವರ್ಗವಾದ ಮೇಲೆ ನಿಲ್ಲುವುದಿಲ್ಲ.

ಅನುಮತಿ ಇದ್ದರೂ ನೆರೆಯವರ ದೂರು ಬರಬಹುದು. ವಾಸನೆ, ನೊಣ, ಇಲಿ, ಬೆಳಗಿನ ಜಾವದ ಕೂಗು, ಇವು ಉಪದ್ರವದ ಕಾನೂನಿನಡಿ ಬೇರೆಯೇ ಪ್ರಕರಣ ಆಗುತ್ತವೆ. ಗೂಡು ಕಟ್ಟುವ ಮೊದಲೇ ಪಕ್ಕದವರ ಬಳಿ ಮಾತಾಡಿ. ಅವರ ಕಿಟಕಿ ಎಲ್ಲಿದೆ ನೋಡಿ ಜಾಗ ಆರಿಸಿ. ಕಾಳನ್ನು ಮುಚ್ಚಳದ ಡಬ್ಬದಲ್ಲಿಡಿ.

ಅಷ್ಟಾದರೂ ನೋಟಿಸ್ ಬಂದರೆ ಹೆದರಿ ಅಂದೇ ಗಿಡ ಕೀಳಬೇಡಿ. ಯಾವ ಕಲಂ, ಉತ್ತರಕ್ಕೆ ಎಷ್ಟು ದಿನ, ಮೇಲ್ಮನವಿ ಯಾರಿಗೆ ಎಂದು ಮೊದಲು ನೋಡಿ. ಗಡುವು ತಪ್ಪಿದರೆ ಗೆಲ್ಲುವ ಪ್ರಕರಣವೂ ಕೈತಪ್ಪುತ್ತದೆ. ತೋಟದ, ಗೂಡಿನ ಫೋಟೊ ದಿನಾಂಕ ಸಹಿತ ತೆಗೆದಿಡಿ. ಮೇಲ್ಮನವಿ ಮುಗಿಯುವವರೆಗೆ ಆದೇಶಕ್ಕೆ ತಡೆ ಕೊಡಿ ಎಂದು ಮೇಲ್ಮನವಿಯ ಪತ್ರದಲ್ಲೇ ಕೇಳಿ. ಜೊತೆಗೆ, ತಡೆ ಸಿಗದಿದ್ದರೆ ಕೋಳಿ, ಮೊಲಗಳನ್ನು ಕೆಲ ದಿನ ಯಾರ ಮನೆಯಲ್ಲಿ ಬಿಡಬಹುದು ಎಂದು ಆ ವಾರವೇ ವಿಚಾರಿಸಿಟ್ಟುಕೊಳ್ಳಿ.