ದಡ ಬಿಡದೆ ದೊಡ್ಡ ಮೀನು: ವಾಲ್ನೂರಿನಲ್ಲಿ ಮಹಶೀರ್‌ಗೆ ಗಾಳ

ಕಡಲ ದಡದಿಂದ ಶಾರ್ಕ್ ಹಿಡಿದವರ ಕತೆ ಕೇಳಿದಾಗೆಲ್ಲ ನನಗೆ ಹುಟ್ಟುವ ಪ್ರಶ್ನೆ ಒಂದೇ: ಗಾಳದ ರೀಲಿನಲ್ಲಿ ಎಷ್ಟು ಲೈನ್, ಅಂದರೆ ದಾರ, ಇತ್ತು? 1964ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಚೆರ್ರಿ ಗ್ರೋವ್‌ನಲ್ಲಿ, ದಡದಿಂದ ಕಡಲೊಳಕ್ಕೆ ಚಾಚಿದ ಪಿಯರ್ ಮೇಲೆ ನಿಂತು ವಾಲ್ಟರ್ ಮ್ಯಾಕ್ಸ್‌ವೆಲ್ 1,780 ಪೌಂಡ್, ಅಂದರೆ 800 ಕಿಲೋ ದಾಟಿದ ಟೈಗರ್ ಶಾರ್ಕ್ ಹಿಡಿದ. ದೋಣಿಯಲ್ಲಿದ್ದವನು ಮೀನಿನ ಹಿಂದೆ ಹೋಗಬಹುದು. ದಡದವನು ಲೈನ್ ಮುಗಿಯುವುದನ್ನು ನೋಡುತ್ತ ನಿಲ್ಲಬೇಕು. ಕೊಡಗಿಗೆ ಕಡಲಿಲ್ಲ. ಆದರೆ ಕಾವೇರಿಯಲ್ಲಿ ಮಹಶೀರ್ ಎಂಬ ದೊಡ್ಡ ಹೊಳೆಮೀನಿಗೆ ಗಾಳ ಹಾಕಿದವರಿಗೆ ಆ ಸಂಕಟ ಗೊತ್ತು.

ನಾನು ಕಲಿತದ್ದು ದುಬಾರೆಯ ಆಸುಪಾಸಿನ ವಾಲ್ನೂರಿನಲ್ಲಿ, ಕೊಡಗು ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ಪಡೆದು. ಹಿಡಿದ ಮೀನನ್ನು ಹೊಳೆಗೇ ಬಿಡಬೇಕೆಂಬುದು ಅಲ್ಲಿನ ಕರಾರು.

ಎರೆ ರಾಗಿಯದು. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿವ ನೀರಿನಲ್ಲಿ ಬೇಯಿಸಿ, ಮತ್ತೆ ನಾದಬೇಕು. ಊಟದ ಮುದ್ದೆಯಷ್ಟು ಮೆತ್ತಗಾದರೆ ಹರಿವು ಅದನ್ನು ಕೊಕ್ಕೆಯಿಂದ ಕಳಚಿಬಿಡುತ್ತದೆ. ಮಸಾಲೆ ಸೇರಿಸುವವರಿದ್ದಾರೆ. ಅದು ಮೀನಿಗಿಂತ ಗಾಳ ಹಾಕುವವನ ಸಮಾಧಾನಕ್ಕೆ ಎಂಬುದು ನನ್ನ ಅನುಮಾನ. ಕೊಕ್ಕೆ ಒಂಟಿ, ದಪ್ಪ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರುತ್ತೇನೆ. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ, ಇರುವುದು ಗಂಟಲಲ್ಲಿ. ಏಡಿ, ಚಿಪ್ಪುಗಳನ್ನು ಪುಡಿ ಮಾಡುವ ಆ ಹಲ್ಲಿಗೆ ಸಣ್ಣ ಕೊಕ್ಕೆ ಲೆಕ್ಕಕ್ಕೇ ಇಲ್ಲ.

ಜಾಗ ಆರಿಸುವಾಗ ಮೀನು ಎಲ್ಲಿದೆ ಎನ್ನುವುದಕ್ಕಿಂತ ಕಚ್ಚಿದ ಮೇಲೆ ಎಲ್ಲಿಗೆ ಓಡೀತು ಎಂದು ನೋಡುತ್ತೇನೆ. ಎರೆ ಬೀಳಬೇಕಾದದ್ದು ಹರಿವು ಮಡುವಿಗೆ ಇಳಿಯುವ ಅಂಚಿನಲ್ಲಿ. ಕೆಳಗಡೆ ಚೂಪು ಬಂಡೆಗಳಿದ್ದು, ನಾನು ದಡದಲ್ಲಿ ಹತ್ತು ಹೆಜ್ಜೆಯೂ ಓಡಲಾಗದಿದ್ದರೆ ಅಲ್ಲಿ ಗಾಳ ಹಾಕುವುದೇ ಇಲ್ಲ. ಮೊದಲ ಓಟದಲ್ಲಿ ರೀಲ್ ಕಿರುಚುವಾಗ ಕೈ ತಾನಾಗಿ ಬಿಗಿಯಾಗುತ್ತದೆ. ಜೊತೆಗಿದ್ದ ಹರಿಗೋಲಿನವನು ಆಗೆಲ್ಲ ಕೂಗುತ್ತಿದ್ದ: "ಎಳೀಬೇಡಿ ಸಾರ್, ಓಡ್ಲಿ ಬಿಡಿ! ನೀವೂ ಓಡಿ!" ಓಡುತ್ತ, ರಾಡ್ ಎತ್ತಿ ಹಿಡಿದು, ಲೈನ್ ಬಂಡೆಗೆ ಉಜ್ಜದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸ.

ದಡಕ್ಕೆ ಬಂದ ಮೀನನ್ನು ನೀರಿನಿಂದ ಎತ್ತುವುದಿಲ್ಲ. ಮೊಣಕಾಲುದ್ದ ನೀರಿಗಿಳಿದು, ಕೊಕ್ಕೆ ಬಿಡಿಸಿ, ಹರಿವಿಗೆ ಮುಖಮಾಡಿಸಿ ಹಿಡಿದಿರುತ್ತೇನೆ. ಬಾಲ ಬಡಿದು ತಾನೇ ಹೊರಡಬೇಕು. ಫೋಟೋ ಬೇಕಾದವರೂ ನೀರಿಗೇ ಇಳಿಯಲಿ.

1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಕಾವೇರಿ ಕಣಿವೆಯ ಆ ದೈತ್ಯ ಜಾತಿ ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯದು. ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಲೋನಾವಳದಲ್ಲಿ ಮರಿ ಮಾಡಿಸಿ ಕಾವೇರಿಗೆ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗ ಹಿಡಿದಿದೆ. ವಾಲ್ನೂರಿನಲ್ಲಿ ನನ್ನ ಗಾಳಕ್ಕೆ ಬಂದವೆಲ್ಲ ನೀಲಿ ರೆಕ್ಕೆಯವೇ.