ತುಕ್ಕು ಹಿಡಿಸಿ ಬಿಫಿಡೋ ಬೆಳೆಸಿದ್ದು: ಕೊಪ್ಪಳದ ಲ್ಯಾಬಿನಿಂದ ನನ್ನ ಅನುಭವ

ಬಿಫಿಡೋಬ್ಯಾಕ್ಟೀರಿಯಂ ಅಂದರೆ ಕೂಸಿನ ಕರುಳಿನಲ್ಲಿರುವ, ಆಕ್ಸಿಜನ್ ಆಗಿಬರದ ಬ್ಯಾಕ್ಟೀರಿಯಾ. ಆಕ್ಸಿಜನ್ ತೆಗೆದ ವಿಶೇಷ ಚೇಂಬರ್ ಇಲ್ಲದೆ ಅದನ್ನು ಬೆಳೆಸೋದು ಆಗದ ಮಾತು, ಅದೂ ಕೊಪ್ಪಳದ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ! ಹೀಗೆ ಹೇಳದವರಿಲ್ಲ. ಬೆಂಗಳೂರಿನ ಗೆಳೆಯರು ಹೇಳಿದರು, ನಮ್ಮ ವಿಭಾಗದ ಹಿರಿಯರೂ ಹೇಳಿದರು. ಮೂರು ವರ್ಷ ಹಿಡಿಯಿತು, ಕೈಯಿಂದ ಸುಮಾರು 60 ಸಾವಿರ ಹೋಯಿತು. ಆದರೆ ಆಯಿತು. ಕೆಪಿಎಲ್-3 ಅಂತ ಹೆಸರಿಟ್ಟ ತಳಿ ಈಗ ನಮ್ಮ ಫ್ರೀಜರಿನಲ್ಲಿದೆ.

ಮಾದರಿ ತರೋದೇ ಮೊದಲ ಕಷ್ಟ. ಎಥಿಕ್ಸ್ ಕಮಿಟಿ ಒಪ್ಪಿಗೆಗೆ ಐದು ತಿಂಗಳು ಕಾದೆ. ಆಮೇಲೆ ಎದೆಹಾಲು ಬಿಟ್ಟು ಬೇರೇನೂ ಕುಡಿಯದ ಮೂರು ಕೂಸುಗಳ ಮನೆಗೆ ಹೋದೆ. ಒಂದು ಮನೆಯ ಅಜ್ಜಿ, "ಅಲ್ರೀ ಸರ, ಕೂಸಿನ ಹೇಲು ಒಯ್ದು ಏನ್ ಮಾಡ್ತೀರಿ?" ಅಂದರು. "ಯವ್ವಾ, ತಾಯಿ ಹಾಲಿನಾಗ ಒಂದು ಥರದ ಸಕ್ಕರಿ ಐತಿ. ಅದು ಕೂಸಿಗೆ ಅರಗಂಗಿಲ್ಲ, ಹೊಟ್ಟ್ಯಾಗಿನ ಈ ಹುಳಕ್ಕ ಅರಗತೈತಿ" ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ತಾಯಿ ಇಬ್ಬರಿಗೂ ಹಾಲು ಕುಡಸ್ತಾಳ ಅನ್ರಿ" ಅಂದರು. ನಾನು ಪಾಠದಲ್ಲಿ ಇಷ್ಟು ಚೆಂದ ಹೇಳಿದ್ದಿಲ್ಲ.

ಇನ್ನು ಪ್ಲೇಟುಗಳನ್ನು ಆಕ್ಸಿಜನ್ ಇಲ್ಲದೆ ಇಡುವ ಜಾಡಿ. ಜಾಡಿಯ ಆಕ್ಸಿಜನ್ ಹೀರುವ ರೆಡಿಮೇಡ್ ಪೊಟ್ಟಣ, ಅಂದರೆ ಗ್ಯಾಸ್ ಪ್ಯಾಕ್, ಒಂದಕ್ಕೆ ಆಗ 200ರ ಮೇಲಿತ್ತು, ಒಮ್ಮೆ ಬಿಚ್ಚಿದರೆ ಮುಗಿಯಿತು. ಅದಕ್ಕೇ ಹಳೆಯ ಉಪಾಯಕ್ಕೆ ಹೋದೆ: ಸ್ಟೀಲ್ ವುಲ್ಲನ್ನು (ಕಬ್ಬಿಣದ ಸಣ್ಣ ಎಳೆಗಳ ಉಂಡೆ) ಆಮ್ಲ ಬೆರೆಸಿದ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರಿನಲ್ಲಿ ಅದ್ದಿ, ಹಿಂಡಿ, ಜಾಡಿಯೊಳಗೆ ಇಡೋದು. ಕಬ್ಬಿಣ ತುಕ್ಕು ಹಿಡಿಯುತ್ತಾ ಆಕ್ಸಿಜನ್ ತಿಂದುಹಾಕುತ್ತದೆ. ಮೈಲುತುತ್ತಕ್ಕೆ ನಮ್ಮಲ್ಲಿ ಬರವಿಲ್ಲ, ದಾಳಿಂಬೆ ಬೆಳೆಯುವವರು ಬೋರ್ಡೋ ದ್ರಾವಣಕ್ಕೆ ಒಯ್ಯುತ್ತಾರೆ, ಯಾವ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಜಾಡಿ ಅಂದರೆ ಮೂಲೆಯಲ್ಲಿ ಬಿದ್ದಿದ್ದ ಗಾಜಿನ ಡೆಸಿಕೇಟರ್ (ಮುಚ್ಚಳದ ದೊಡ್ಡ ಪಾತ್ರೆ), ಅಂಚಿಗೆ ದಪ್ಪ ಗ್ರೀಸ್. ಈ ಬ್ಯಾಕ್ಟೀರಿಯಾಕ್ಕೆ ಬೇಕಾದ ಕಾರ್ಬನ್ ಡೈಆಕ್ಸೈಡಿಗೆ ಅಡುಗೆ ಸೋಡಾ, ಕಿರಾಣಿ ಅಂಗಡಿಯ ನಿಂಬೆ ಉಪ್ಪು.

ಆರು ವಾರ ಏನೂ ಆಗಲಿಲ್ಲ. ಆಕ್ಸಿಜನ್ ಹೋದರೆ ಬಣ್ಣ ಕಳೆದುಕೊಳ್ಳಬೇಕಾದ ಮೆಥಿಲೀನ್ ಬ್ಲೂ ನೀಲಿಯಾಗೇ ಉಳಿಯುತ್ತಿತ್ತು. ಕಾರಣ ಹೊಳೆದದ್ದು ಒಂದು ದಿನ ಜಾಡಿ ತೊಳೆಯುವಾಗ: ನಾನಿಟ್ಟ ಉಂಡೆ ಹೊಸದರ ಹಾಗೇ ಥಳಥಳ ಹೊಳೆಯುತ್ತಿತ್ತು. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ತಂದಿದ್ದೆ, ಅದು ಸ್ಟೇನ್‌ಲೆಸ್, ತುಕ್ಕೇ ಹಿಡಿಯುವುದಿಲ್ಲ! ಬಳ್ಳಾರಿಯ ಹಾರ್ಡ್‌ವೇರ್ ಅಂಗಡಿಯಿಂದ ಪಾಲಿಶ್ ಮಾಡುವವರು ಬಳಸುವ ಸಣ್ಣ ಎಳೆಯ ಸ್ಟೀಲ್ ವುಲ್ ತಂದೆ. ಅದ್ದಿದ ಕೂಡಲೇ ಎಳೆಗಳ ಮೇಲೆ ತಾಮ್ರದ ಕೆಂಪು ಹತ್ತಿತು. ಐದು ಲೀಟರ್ ಜಾಡಿಗೆ 50 ಗ್ರಾಂ ಹತ್ತಿರ ಇಟ್ಟೆ. ಮರುದಿನ ಬೆಳಿಗ್ಗೆ ನೀಲಿ ಹೋಗಿತ್ತು. ಎಷ್ಟು ಹೊತ್ತು ಅದ್ದಬೇಕು, ಹೇಗೆ ಹಿಂಡಬೇಕು ಅನ್ನೋದು ಕೈಗೆ ಬರಬೇಕು, ಅದನ್ನು ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್ ಬಂತು. ಲ್ಯಾಬಿನೊಳಗೇ 41 ಡಿಗ್ರಿ. ನಮ್ಮ ಇನ್‌ಕ್ಯುಬೇಟರಿಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. 37ಕ್ಕೆ ಇಟ್ಟರೂ ಒಳಗೆ 42, ಪ್ಲೇಟುಗಳು ಒಣಗಿ ಹಪ್ಪಳ. ಕೊನೆಗೆ ಜಾಡಿಯನ್ನು ಕೆಳಗಿನ ಕಲ್ಲು ಕಟ್ಟಡದ ಕೋಣೆಗೆ ಒಯ್ದು, ಸುತ್ತ ಒದ್ದೆ ಗೋಣಿ ಹೊದಿಸಿ, ಫ್ಯಾನ್ ಹಾಕಿದೆ. 36, 37ರಲ್ಲಿ ನಿಂತಿತು. ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಬೇಕು, ಅಷ್ಟೇ.

ಆದರೂ ಮೊದಲ ಸಲ ಗುರುತಿಗಾಗಿ ಡಿಎನ್‌ಎ ಸಿಕ್ವೆನ್ಸಿಂಗಿಗೆ ಕಳಿಸಿದ ನಾಲ್ಕು ತಳಿಗಳಲ್ಲಿ ಮೂರು ಎಂಟರೋಕಾಕಸ್, ಒಂದು ಲ್ಯಾಕ್ಟೋಬ್ಯಾಸಿಲಸ್, ಬೇರೆ ಕುಲದ ಬ್ಯಾಕ್ಟೀರಿಯಾ. ಒಂದಕ್ಕೆ 2 ಸಾವಿರದ ಹತ್ತಿರ, 8 ಸಾವಿರ ಹೋಯಿತು. ಗ್ರಾಂ ಪಾಸಿಟಿವ್, ಕ್ಯಾಟಲೇಸ್ ನೆಗೆಟಿವ್ ಅನ್ನೋ ಎರಡು ಸರಳ ಪರೀಕ್ಷೆ ಹೊಂದಿದಕೂಡಲೇ ಕಳಿಸಿಬಿಡಬಾರದು, ನಾವು ಬಳಸುವ ಎಮ್‌ಆರ್‌ಎಸ್ ಮಾಧ್ಯಮದಲ್ಲಿ ಇವೆಲ್ಲ ಬೆಳೆಯುತ್ತವೆ ಅಲ್ವಾ. ಆಮೇಲೆ ಎಮ್‌ಆರ್‌ಎಸ್‌ಗೆ ಶೇಕಡ 0.05 ಸಿಸ್ಟೀನ್, ಲೀಟರಿಗೆ 1 ಎಂಎಲ್ ಅಸಿಟಿಕ್ ಆಸಿಡ್, 50 ಮಿಲಿಗ್ರಾಂ ಮುಪಿರೋಸಿನ್ ಹಾಕಿದೆ. ಮುಪಿರೋಸಿನ್ ಬೇರೆಯವನ್ನು ತಡೆಯುವ, ಬಿಫಿಡೋ ತಾಳಿಕೊಳ್ಳುವ ಆಂಟಿಬಯಾಟಿಕ್. ಶುದ್ಧ ಮುಪಿರೋಸಿನ್ ಕೊಳ್ಳುವ ಶಕ್ತಿ ಇರಲಿಲ್ಲ. ಮೆಡಿಕಲ್ ಶಾಪಿನ ಶೇಕಡ 2ರ ಮುಲಾಮಿನಿಂದ ತೆಗೆದೆ, 5 ಗ್ರಾಂ ಟ್ಯೂಬಿನಲ್ಲಿ 100 ಮಿಲಿಗ್ರಾಂ ಇರುತ್ತದೆ, ಲೆಕ್ಕ ನೀವೇ ಹಾಕಿ. ಸೋಸುವ ಉಪಾಯ ನನ್ನದು, ಸದ್ಯಕ್ಕೆ ನನ್ನಲ್ಲೇ ಇರಲಿ.

ಮೂರನೇ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತುದಿ ಕವಲೊಡೆದ ಕಡ್ಡಿಗಳು, ಕೆಲವು ಹುಡುಗರ ಕವಣೆಯ ಕವೆಯಂತೆ. 1899ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಟಿಸ್ಸಿಯೆ ಎದೆಹಾಲಿನ ಕೂಸುಗಳಲ್ಲಿ ಕಂಡದ್ದು ಇದೇ ಆಕಾರ. ರಾತ್ರಿ ಎಂಟೂವರೆಯವರೆಗೂ ನೋಡುತ್ತಾ ಕೂತಿದ್ದೆ, ವಾಚ್‌ಮನ್ ಬಂದು ಎಬ್ಬಿಸಿದರು.

ಖಾತ್ರಿಗೆ ಫಾಸ್ಫೋಕೀಟೋಲೇಸ್ ಪರೀಕ್ಷೆ, ಬಿಫಿಡೋವಿನ ಗುರುತಾದ ಕಿಣ್ವ ಅದು. ಕೋಶ ಒಡೆಯಲು ಶಬ್ದದ ಅಲೆಯ ಯಂತ್ರ (ಸೋನಿಕೇಟರ್) ಇಲ್ಲ, ಸಾಬೂನಿನಂಥ ಸೆಟ್ರಿಮೈಡ್ ಸಾಕು. ದುಬಾರಿ ಅಂದರೆ ಆ ಕಿಣ್ವ ಒಡೆಯುವ ಫ್ರಕ್ಟೋಸ್-6-ಫಾಸ್ಫೇಟ್, ಆ ಚಿಕ್ಕ ಸೀಸೆಗೆ 8 ಸಾವಿರ ಕೊಟ್ಟ ನೆನಪು. ಫೆರಿಕ್ ಕ್ಲೋರೈಡ್ ಹಾಕಿದಾಗ ಎಂಟರೋಕಾಕಸ್ ಟ್ಯೂಬ್ ಹಳದಿಯಾಗೇ ಉಳಿಯಿತು, ನಮ್ಮದು ನೇರಳೆ ಕೆಂಪಿಗೆ ತಿರುಗಿತು. ಆಗ ಮಾತ್ರ ಮತ್ತೆ 16ಎಸ್ ಸಿಕ್ವೆನ್ಸಿಂಗಿಗೆ (ಜಾತಿ ಗುರುತಿಸಲು ಓದುವ ಜೀನ್) ಕಳಿಸಿದೆ. ಬಿಫಿಡೋಬ್ಯಾಕ್ಟೀರಿಯಂ ಲಾಂಗಮ್ ಅಂತ ಬಂತು.

ಬಹಳ ಜನ ಅಲ್ಲಿಗೆ ನಿಲ್ಲಿಸುತ್ತಾರೆ. ಲಾಂಗಮ್ ಉಪಜಾತಿಯೋ, ಇನ್‌ಫ್ಯಾಂಟಿಸ್ ಉಪಜಾತಿಯೋ ಅನ್ನೋದನ್ನು 16ಎಸ್ ನಂಬಿ ಹೇಳಲಾಗದು. ಅರಾಬಿನೋಸ್ ಅನ್ನೋ ಸಕ್ಕರೆ ಹಾಕಿ ನೋಡಬೇಕು, ಲಾಂಗಮ್ ಹುಳಿಸುತ್ತದೆ, ಇನ್‌ಫ್ಯಾಂಟಿಸ್ ಹುಳಿಸುವುದಿಲ್ಲ. ಹುಳಿಯಾದರೆ ಟ್ಯೂಬಿನ ನೇರಳೆ ಬಣ್ಣ ಹಳದಿಯಾಗುತ್ತದೆ. ಮೊದಲ ಸಲ ಸಕ್ಕರೆಯೇ ಇಲ್ಲದ ಟ್ಯೂಬೂ ಹಳದಿಯಾಯಿತು, ಬೇಸ್‌ನಲ್ಲಿ ಮಾಂಸದ ಸಾರ ಬಿಟ್ಟಿದ್ದೆ. ಅದನ್ನು ತೆಗೆದು ಮೂರು ಸಲ ಮಾಡಿದೆ, ಮೂರು ಸಲವೂ ಅರಾಬಿನೋಸ್ ಟ್ಯೂಬ್ ನೇರಳೆಯಾಗೇ ಉಳಿಯಿತು. ಯೂರಿಯಾ ಒಡೆಯುವ ಕಿಣ್ವದ (ಯೂರಿಯೇಸ್) ಪರೀಕ್ಷೆಯೂ ಗುಲಾಬಿ, ಅಂದರೆ ಪಾಸಿಟಿವ್, ಬಂತು. ಇನ್‌ಫ್ಯಾಂಟಿಸ್! ಇದನ್ನು ಜೀನೋಮ್ ಮಾಡಿಸದೆ ಹೇಳಿದ್ದೇನೆ, ನನಗೆ ಅನುಮಾನವಿಲ್ಲ, ಆದರೂ ದುಡ್ಡು ಕೂಡಿದಾಗ ಮಾಡಿಸುತ್ತೇನೆ.

ಹೊಟ್ಟೆಯಲ್ಲಿ ಬದುಕೀತೇ, ಅಪಾಯವಿದೆಯೇ ಅನ್ನೋ ಉಳಿದ ಪರೀಕ್ಷೆಗಳು ಬೇಗ ಮುಗಿದವು. ಶೇಕಡ 0.3 ಪಿತ್ತದಲ್ಲಿ ಬೆಳೆಯಿತು, ಪಿಎಚ್ 3ರಲ್ಲಿ ಎರಡು ಗಂಟೆಗೆ ಬಹಳಷ್ಟು ಸತ್ತವು, ರಕ್ತದ ಅಗರ್‌ನಲ್ಲಿ ರಕ್ತ ಕರಗಿಸಲಿಲ್ಲ. ಆಂಟಿಬಯಾಟಿಕ್ ಬಿಲ್ಲೆ ಇಟ್ಟು ನೋಡಿದಾಗ ಜೆಂಟಮೈಸಿನ್ ಸುತ್ತ ಬೆಳವಣಿಗೆ ನಿಂತ ವಲಯವಿಲ್ಲ, ಗಾಬರಿ ಬೇಡ, ಅದು ಈ ಕುಲದ ಹುಟ್ಟುಗುಣ. ಟೆಟ್ರಾಸೈಕ್ಲಿನ್ ಸುತ್ತ ಒಳ್ಳೆಯ ವಲಯ ಬಂದದ್ದು ಸಮಾಧಾನ.

ನಡುವೆ ಇದರಿಂದಲೇ ಮೊಸರು ಮಾಡಲು ಹೋದೆ. ಬರೀ ಎಮ್ಮೆ ಹಾಲಿನಲ್ಲಿ ಎರಡು ದಿನಕ್ಕೂ ಹೆಪ್ಪಾಗಲಿಲ್ಲ. ಯೀಸ್ಟ್ ಸಾರ ಹಾಕಿದರೆ ಹೆಪ್ಪಾಯಿತು, ವಾಸನೆ ಮಾತ್ರ ವಿನೆಗರ್. ಇವು ಅಸಿಟಿಕ್ ಆಮ್ಲವನ್ನೇ ಜಾಸ್ತಿ ಮಾಡುತ್ತವೆ.

ಕರೆಂಟ್ ಹೋಗಿ ಫ್ರೀಜರ್ ಕರಗಿ ಕೆಪಿಎಲ್-1 ಕಳೆದುಕೊಂಡೆ, ಅದಕ್ಕೇ ಈಗ ಗ್ಲಿಸರಾಲ್ ಟ್ಯೂಬುಗಳನ್ನು ಮೂರು ಕಡೆ ಇಟ್ಟಿದ್ದೇನೆ. ರಾಯಚೂರು, ಬಳ್ಳಾರಿ ಕಡೆಯವರಿಗೆ ತಳಿ ಬೇಕಿದ್ದರೆ ಐಸ್ ಡಬ್ಬಿ ಹಿಡಿದು ನೀವೇ ಬನ್ನಿ. ಬಸ್ ಪಾರ್ಸೆಲಿನಲ್ಲಿ ಒಮ್ಮೆ ಕಳಿಸಿದ್ದೆ, ಮೇ ತಿಂಗಳು, ಮುಟ್ಟುವಷ್ಟರಲ್ಲಿ ಒಂದೂ ಬದುಕಿರಲಿಲ್ಲ.