ಹಸಿದುಕೊಂಡು ತೂಕ ಇಳಿಸಬೇಡಿ

ತೂಕ ಇಳಿಸಬೇಕು ಅಂತ ತೀರ್ಮಾನ ಮಾಡಿದ ಕೂಡಲೇ ನಮ್ಮ ಹೆಣ್ಣುಮಕ್ಕಳು ಮೊದಲು ಮಾಡುವ ಕೆಲಸ ಬೆಳಗಿನ ತಿಂಡಿ ಬಿಡುವುದು. ಆಮೇಲೆ ರಾತ್ರಿ ಊಟವನ್ನೂ ಬಿಟ್ಟು ಒಂದು ಲೋಟ ಹಾಲು ಕುಡಿದು ಮಲಗುವುದು. ಎರಡು ಮೂರು ದಿನ ಹೇಗೋ ನಡೆಯುತ್ತದೆ. ನಂತರ ಒಂದು ಸಂಜೆ ಚಕ್ಕುಲಿ ಡಬ್ಬಕ್ಕೆ ಕೈ ಹೋಗುತ್ತದೆ, ಅರ್ಧ ಡಬ್ಬ ಖಾಲಿಯಾಗುತ್ತದೆ. "ನನ್ನ ಮನಸ್ಸೇ ಗಟ್ಟಿ ಇಲ್ಲ" ಅಂತ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಸುಮ್ನೆ ಬೈದುಕೊಳ್ಳಬೇಡಿ. ದಿನವಿಡೀ ಖಾಲಿ ಇದ್ದ ಹೊಟ್ಟೆ ಸಂಜೆ ಕೇಳಿಯೇ ಕೇಳುತ್ತದೆ.

ಊಟ ಬಿಡುವ ಬದಲು ತಟ್ಟೆಯನ್ನು ಬದಲಾಯಿಸಿ. ನಮ್ಮ ಮನೆಗಳಲ್ಲಿ ತಟ್ಟೆ ತುಂಬ ಅನ್ನ, ಅಂಚಿನಲ್ಲಿ ಎರಡು ಚಮಚ ಪಲ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಸಲಹೆಯಲ್ಲಿ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ ಅಂತ ಹೇಳಿದ್ದಾರೆ. ಸೀಮೆಬದನೆ, ಹೀರೆಕಾಯಿ, ಸೋರೆಕಾಯಿ, ಬಾಳೆದಿಂಡು ಇವೆಲ್ಲ ಹೊಟ್ಟೆ ತುಂಬಿಸುತ್ತವೆ, ಆದರೆ ಕ್ಯಾಲೊರಿ ಬಹಳ ಕಡಿಮೆ. ಮದುವೆ ಊಟದ ಎಲೆಗೆ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅಲ್ವಾ? ಮನೆಯಲ್ಲೂ ಅದೇ ಕ್ರಮ ಇಟ್ಟುಕೊಳ್ಳಿ. ಒಂದು ಬಟ್ಟಲು ಕೋಸಂಬರಿ ತಿಂದು ಆಮೇಲೆ ಅನ್ನ ಬಡಿಸಿಕೊಂಡರೆ ಎರಡನೇ ಸಲ ಅನ್ನ ಬೇಕೆನಿಸುವುದಿಲ್ಲ. ನಿಧಾನವಾಗಿ ತಿನ್ನಿ. ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗಲು ಸುಮಾರು 20 ನಿಮಿಷ ಬೇಕು.

ಹೊಟ್ಟೆ ತಡೆಯಬೇಕೆಂದರೆ ಕಾಳು ಬೇಕೇ ಬೇಕು. ನನ್ನ ಮೆಚ್ಚಿನದು ಹುರಳಿಕಾಳು. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ನಾರೂ ಚೆನ್ನಾಗಿದೆ. ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಂದ ಮೇಲೆ ಜಾಸ್ತಿ ನೀರಿಟ್ಟು ಬೇಯಿಸಿ ಬಸಿಯಿರಿ. ಆ ಕಟ್ಟಿನಿಂದ ಬಸ್ಸಾರು, ಕಾಳಿಗೆ ಒಂದಿಷ್ಟು ಸೊಪ್ಪು ಸೇರಿಸಿ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ ಆಯಿತು. ಅಭ್ಯಾಸ ಇಲ್ಲದವರು ಮೊದಲ ದಿನವೇ ದೊಡ್ಡ ಬಟ್ಟಲು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಅರ್ಧ ಬಟ್ಟಲಿನಿಂದ ಶುರು ಮಾಡಿ, ಒಗ್ಗರಣೆಗೆ ಇಂಗು ಹಾಕಿ, ನೀರು ಚೆನ್ನಾಗಿ ಕುಡಿಯಿರಿ.

ಮುದ್ದೆಯ ವಿಷಯಕ್ಕೆ ಬರೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಹತ್ತಿರ. ಹಾಗಾಗಿ ಮುದ್ದೆ ಉಂಡವರಿಗೆ ಬೇಗ ಹಸಿವಾಗುವುದಿಲ್ಲ. ಆದರೆ ಕ್ಯಾಲೊರಿ ಲೆಕ್ಕದಲ್ಲಿ ರಾಗಿಗೂ ಅಕ್ಕಿಗೂ ದೊಡ್ಡ ವ್ಯತ್ಯಾಸ ಇಲ್ಲ. ರಾಗಿ ತಾನೇ ಅಂತ ಎರಡು ದೊಡ್ಡ ಮುದ್ದೆ ಉಂಡರೆ ತೂಕ ಇಳಿಯುವುದಿಲ್ಲ. ಒಂದು ಸಣ್ಣ ಮುದ್ದೆ, ಜೊತೆಗೆ ಧಾರಾಳವಾಗಿ ಸೊಪ್ಪು-ಕಾಳಿನ ಸಾರು. ಬೆಲ್ಲ ಹಾಕಿದ ತೆಳ್ಳನೆ ರಾಗಿ ಮಾಲ್ಟ್ ಗಟಗಟನೆ ಕುಡಿದರೆ ಮುದ್ದೆಯಷ್ಟು ಹೊತ್ತು ತಡೆಯುವುದಿಲ್ಲ.

ಬೆಳಗಿನ ತಿಂಡಿಗೂ ಇದೇ ಮಾತು. ಉಪ್ಪಿಟ್ಟಿಗೆ ರವೆಯಷ್ಟೇ ತರಕಾರಿ ಹಾಕಿ. ಇಡ್ಲಿಗೆ ಬರೀ ಕಾಯಿಚಟ್ನಿ ಬೇಡ, ಬೇಳೆ ಗಟ್ಟಿಯಾಗಿರುವ ಸಾಂಬಾರ್ ಇರಲಿ. ಅಕ್ಕಿ ದೋಸೆಗಿಂತ ನೆನೆಸಿದ ಹೆಸರುಕಾಳಿನ ದೋಸೆ ಮಧ್ಯಾಹ್ನದವರೆಗೂ ನಿಲ್ಲುತ್ತದೆ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಮೊಟ್ಟೆಗಿಂತ ಸುಲಭದ್ದು ಇನ್ನೊಂದಿಲ್ಲ.

ಎಣ್ಣೆಯನ್ನು ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯಬೇಡಿ. ಊಟದ ಚಮಚ ಒಂದರಲ್ಲಿ ಹಿಡಿಯುವ ಎಣ್ಣೆ ಸುಮಾರು 120 ಕ್ಯಾಲೊರಿ, ಅದರಿಂದ ಹೊಟ್ಟೆ ತುಂಬಿದ ಹಾಗೂ ಅನಿಸುವುದಿಲ್ಲ. ಒಗ್ಗರಣೆಗೆ ಟೀ ಚಮಚ ಸಾಕು.

ಇನ್ನು ಸಂಜೆ ನಾಲ್ಕೂವರೆ, ಐದು ಗಂಟೆ. ಎಲ್ಲರ ಪಥ್ಯ ಕೆಡುವುದು ಈ ಹೊತ್ತಿಗೇ. ಆಫೀಸಿನವರಿಗೆ ಬಜ್ಜಿ ಬೋಂಡದ ವಾಸನೆ, ಮನೆಯಲ್ಲಿರುವವರಿಗೆ ಕಾಫಿ ಜೊತೆ ಬಿಸ್ಕತ್ತು. ಹಸಿವಾದ ಮೇಲೆ ಏನು ತಿನ್ನೋಣ ಅಂತ ಹುಡುಕಿದರೆ ಕೈಗೆ ಸಿಗುವುದು ಕುರುಕಲೇ. ಅದಕ್ಕೇ ಮಧ್ಯಾಹ್ನವೇ ತಯಾರಿ ಮಾಡಿಟ್ಟಿರಿ. ಕಡಲೆಕಾಳಿನ ಉಸ್ಲಿ, ಒಂದು ಸೀಬೆಹಣ್ಣು, ಶುಂಠಿ ಕೊತ್ತಂಬರಿ ಹಾಕಿದ ನೀರು ಮಜ್ಜಿಗೆ. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ ಜಾಸ್ತಿ ಹಾಕಿ ಎಣ್ಣೆ ಹನಿಸಿದ ಚುರುಮುರಿ ಆದರೂ ಆಗಬಹುದು. ಕಡಲೆಕಾಯಿ ಇಷ್ಟ ಇರುವವರು ಸಿಪ್ಪೆ ಸಮೇತ ಬೇಯಿಸಿ ತಿನ್ನಿ. ಸುಲಿಯುತ್ತಾ ತಿಂದರೆ ನಿಧಾನವಾಗುತ್ತದೆ. ಹುರಿದ ಬೀಜವಾದರೆ ಒಂದು ಸಣ್ಣ ಹಿಡಿಗೆ, ಅಂದರೆ 30 ಗ್ರಾಂಗೇ, 170 ಕ್ಯಾಲೊರಿ ದಾಟುತ್ತದೆ. ಬಟ್ಟಲಿಗೆ ಹಾಕಿಕೊಂಡು ಡಬ್ಬದ ಮುಚ್ಚಳ ಮುಚ್ಚಿಬಿಡಿ.

ನಿಜವಾದ ಹಸಿವೋ ಬಾಯಿ ಚಪಲವೋ ತಿಳಿಯದಿದ್ದರೆ, "ಈಗ ಬರೀ ಮಜ್ಜಿಗೆ ಅನ್ನ ಕೊಟ್ಟರೆ ತಿಂತೀನಾ" ಅಂತ ಕೇಳಿಕೊಳ್ಳಿ. ತಿಂತೀನಿ ಅನಿಸಿದರೆ ಅದು ಹಸಿವು, ತಿನ್ನಿ, ತಪ್ಪೇನಿಲ್ಲ. ಕೋಡುಬಳೆಯೇ ಬೇಕು ಅನಿಸಿದರೆ ಒಂದು ಲೋಟ ನೀರು ಕುಡಿದು ಸ್ವಲ್ಪ ಹೊತ್ತು ಬೇರೆ ಕೆಲಸ ನೋಡಿ. ರಾತ್ರಿ ನಿದ್ದೆ ಕಡಿಮೆಯಾದರೂ ಮರುದಿನ ಹಸಿವು ಹೆಚ್ಚಾಗುತ್ತದೆ. ಮೊಬೈಲ್ ಹಿಡಿದು ಎಚ್ಚರ ಇರುವವರು ಇದನ್ನು ಗಮನಿಸಬೇಕು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಅಳತೆ, ಹೊತ್ತು ಬದಲಾಯಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಸಕ್ಕರೆ ಒಮ್ಮೆಲೇ ಇಳಿದರೆ ಅಪಾಯ. ಕಿಡ್ನಿ ತೊಂದರೆ ಇರುವವರು ಕಾಳಿನ ಪ್ರಮಾಣವನ್ನೂ ಕೇಳಿಕೊಳ್ಳಿ. ಬಸುರಿ, ಬಾಣಂತಿಯರು ತೂಕ ಇಳಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ.

ಕೆಲಸಕ್ಕೆ ಹೋಗುವವರಿಗೆ ದಿನಾ ಕಾಳು ನೆನೆಸುವುದು ಕಷ್ಟ ಅಂತ ಗೊತ್ತು. ಶನಿವಾರ ರಾತ್ರಿ ಹೆಸರು, ಕಡಲೆ, ಹುರಳಿ ಬೇರೆ ಬೇರೆಯಾಗಿ ನೆನೆಸಿ. ಭಾನುವಾರ ಮೊಳಕೆ ಕಟ್ಟಿ, ನೀರಿನ ಪಸೆ ಆರಿಸಿ, ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ. ಬುಧವಾರದವರೆಗೆ ಚಿಂತೆ ಇಲ್ಲ, ಚೆನ್ನಾಗಿ ಬೇಯಿಸಿಕೊಂಡರಾಯಿತು.